ಮಗುವಿನ ಮಾಸಾಶನ, ತಾಯಿಯ ಹಕ್ಕು

ಹುಟ್ಟಿನಿಂದಲೋ ರೋಗದಿಂದಲೋ ಅಂಗವೈಕಲ್ಯಕ್ಕೆ ಒಳಗಾದ ಮಗುವೊಂದು ಮನೆಯಲ್ಲಿದ್ದರೆ ಆ ಮನೆಯ ವೆಚ್ಚ ಹೆಚ್ಚುತ್ತದೆ, ದುಡಿಯುವ ಕೈಗಳಲ್ಲಿ ಒಂದು ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಆ ಕೈ ತಾಯಿಯದು. ಮಗುವಿಗೆ ಉಣಿಸಬೇಕು, ಮೀಯಿಸಬೇಕು, ಎತ್ತಿ ಮಲಗಿಸಬೇಕು, ಆಸ್ಪತ್ರೆಗೆ ಹೊತ್ತೊಯ್ಯಬೇಕು. ಇಷ್ಟರ ನಡುವೆ ಕೂಲಿಗೆ ಹೋಗಲು ಆಕೆಗೆ ಬಿಡುವೆಲ್ಲಿಯದು? ಇಂಥ ಮನೆಗಳಿಗೆ ಆಸರೆಯಾಗಲೆಂದೇ ಸರಕಾರವು ವಿಕಲಚೇತನರ ಮಾಸಾಶನವನ್ನು ಗೊತ್ತುಮಾಡಿದೆ. ಅದು ವಯಸ್ಕರಿಗೆ ಮಾತ್ರವಲ್ಲ, ಮಕ್ಕಳಿಗೂ ಸಲ್ಲುತ್ತದೆ.

ಹೀಗಿದ್ದರೂ ಅರ್ಹರಾದ ಕೆಲವರು ಅರ್ಜಿ ಹಾಕಲು ಹಿಂಜರಿಯುವುದುಂಟು. ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿಯಂಥ ಬಯಲುಸೀಮೆಯ ಹಳ್ಳಿಗಳಲ್ಲಿ, ತೆಂಗು ರಾಗಿಗಳನ್ನೂ ಮಳೆಯನ್ನೂ ನಂಬಿ ಬದುಕುವ ಜನರ ನಡುವೆ, ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: “ಮಗನ ಹೆಸರಿಗೆ ದುಡ್ಡು ಬಂದರೆ ನನ್ನ ವಿಧವಾ ವೇತನ ನಿಲ್ಲುತ್ತದಂತೆ, ಕಾರ್ಡು ರದ್ದಾಗುತ್ತದಂತೆ, ಗೃಹಲಕ್ಷ್ಮಿಯೂ ಬರುವುದಿಲ್ಲವಂತೆ.” ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂಬಂತೆ ಈ ‘ಅಂತೆ’ಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹಬ್ಬುತ್ತವೆ. ಕೈಯಲ್ಲಿರುವುದನ್ನು ಕಳೆದುಕೊಳ್ಳುವ ಭಯದಿಂದ ತಾಯಿ ತನ್ನ ಮಗುವಿಗೆ ಸಲ್ಲಬೇಕಾದುದನ್ನು ಕೇಳದೆಯೇ ಉಳಿಯುತ್ತಾಳೆ. ಆದುದರಿಂದ ಈ ಭಯಕ್ಕೆ ಆಧಾರವುಂಟೇ ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸುವುದು ಅಗತ್ಯ.

ಒಬ್ಬರಿಗೆ ಒಂದು, ಮನೆಗೆ ಒಂದಲ್ಲ

ನಮ್ಮ ರಾಜ್ಯದಲ್ಲಿ ಸಾಮಾಜಿಕ ಭದ್ರತೆಯ ಮಾಸಾಶನಗಳನ್ನು ಕಂದಾಯ ಇಲಾಖೆಗೆ ಸೇರಿದ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯವು ನಿರ್ವಹಿಸುತ್ತದೆ. ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ನಿರ್ಗತಿಕ ವಿಧವಾ ವೇತನ, ವಿಕಲಚೇತನರ ಮಾಸಾಶನ, ಮನಸ್ವಿನಿ ಇವೆಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಇವುಗಳಿಗೆಲ್ಲ ಸಮಾನವಾದ ಒಂದು ನಿಯಮವಿದೆ. ಒಬ್ಬ ವ್ಯಕ್ತಿ ಒಂದೇ ಮಾಸಾಶನವನ್ನು ಪಡೆಯಬಹುದು. ವಿಧವೆಯೂ ವಿಕಲಚೇತನಳೂ ಆದ ಮಹಿಳೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೇ ಹೊರತು ಎರಡನ್ನೂ ಪಡೆಯಲಾಗದು.

ಗೊಂದಲ ಹುಟ್ಟುವುದು ಇಲ್ಲಿಯೇ. ‘ಒಬ್ಬರಿಗೆ ಒಂದು’ ಎಂಬ ನಿಯಮವು ಬಾಯಿಂದ ಬಾಯಿಗೆ ಹರಿದು ‘ಮನೆಗೆ ಒಂದು’ ಎಂದಾಗಿಬಿಟ್ಟಿದೆ. ಮಗ ಬೇರೆ ವ್ಯಕ್ತಿ, ತಾಯಿ ಬೇರೆ ವ್ಯಕ್ತಿ. ಮಗನ ವೈಕಲ್ಯಕ್ಕೆ ಮಗನ ಹೆಸರಿನಲ್ಲಿ ಬರುವ ಹಣ ತಾಯಿಯ ವೈಧವ್ಯಕ್ಕೆ ತಾಯಿಯ ಹೆಸರಿನಲ್ಲಿ ಬರುವ ಹಣವನ್ನು ನಿಲ್ಲಿಸುವುದಿಲ್ಲ. ಮಗು ಅಪ್ರಾಪ್ತ ವಯಸ್ಸಿನದಾದ ಕಾರಣ ಬ್ಯಾಂಕಿನ ವ್ಯವಹಾರವನ್ನು ತಾಯಿ ನೋಡಿಕೊಳ್ಳಬಹುದು. ಅಷ್ಟರಿಂದಲೇ ಆ ಹಣ ಆಕೆಯದಾಗುವುದಿಲ್ಲ.

ಮೊತ್ತಗಳನ್ನೂ ತಿಳಿದಿರುವುದು ಒಳ್ಳೆಯದು. ಶೇಕಡಾ 40ರಿಂದ 75ರೊಳಗಿನ ವೈಕಲ್ಯಕ್ಕೆ ತಿಂಗಳಿಗೆ 600 ರೂಪಾಯಿ ಇದ್ದುದು 2021ರಲ್ಲಿ 800 ರೂಪಾಯಿಯಾಯಿತು. ಅದಕ್ಕಿಂತ ತೀವ್ರವಾದ ವೈಕಲ್ಯಕ್ಕೆ 1,400 ರೂಪಾಯಿ. ಅದು ಬುದ್ಧಿಮತ್ತೆಗೆ ಸಂಬಂಧಿಸಿದ್ದಾದರೆ 2,000 ರೂಪಾಯಿ. ವಿಧವಾ ವೇತನ 800 ರೂಪಾಯಿ; 65 ದಾಟಿದವರ ಸಂಧ್ಯಾ ಸುರಕ್ಷಾ 1,200 ರೂಪಾಯಿ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ಲೆಕ್ಕ ಪ್ರತ್ಯೇಕವಾದುದು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಎಂಬುದು ಅದರ ಕ್ರಮ. ಆಕೆಯಾಗಲಿ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿ.ಎಸ್.ಟಿ. ವಿವರ ಸಲ್ಲಿಸುವವರಾಗಿದ್ದರೆ ಅದು ದೊರೆಯದು. ಮಗುವಿನ ಮಾಸಾಶನ ಈ ನಿಷೇಧಗಳಲ್ಲಿ ಸೇರಿಲ್ಲ.

ಒಂದು ಮನೆಯ ಲೆಕ್ಕ

ವಿಷಯವು ಸ್ಪಷ್ಟವಾಗಲೆಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಪತಿಯನ್ನು ಕಳೆದುಕೊಂಡ ತಾಯಿ, ಮೆದುಳಿನ ಪಾರ್ಶ್ವವಾಯುವಿನಿಂದ ನಡೆಯಲಾರದ ಹತ್ತು ವರ್ಷದ ಮಗ, ಎಪ್ಪತ್ತರ ಅತ್ತೆ. ತಾಯಿಗೆ ವಿಧವಾ ವೇತನ 800, ಗೃಹಲಕ್ಷ್ಮಿ 2,000, ಅತ್ತೆಗೆ ಸಂಧ್ಯಾ ಸುರಕ್ಷಾ 1,200, ಮಗನಿಗೆ 1,400. ಒಟ್ಟು ತಿಂಗಳಿಗೆ 5,400 ರೂಪಾಯಿ. ಮೂವರ ಹೆಸರಿನಲ್ಲಿ ಬರುವ ಈ ನಾಲ್ಕು ಬಾಬುಗಳಲ್ಲಿ ಒಂದು ಮತ್ತೊಂದನ್ನು ತಳ್ಳುವುದಿಲ್ಲ.

ಪಡಿತರ ಚೀಟಿಯ ಮಾತೂ ಹೀಗೆಯೇ. ಆದ್ಯತಾ ಕುಟುಂಬದ ಚೀಟಿಗೆ ನಮ್ಮ ರಾಜ್ಯದ ವಾರ್ಷಿಕ ಆದಾಯದ ಮಿತಿ 1,20,000 ರೂಪಾಯಿ. ಮೇಲೆ ಹೇಳಿದ ಎಲ್ಲ ಸಹಾಯವನ್ನೂ ಆದಾಯವೆಂದೇ ವಾದಕ್ಕಾಗಿ ಒಪ್ಪಿಕೊಂಡರೂ ವರ್ಷಕ್ಕೆ ಆಗುವುದು 64,800 ರೂಪಾಯಿ. ಮಗನ ಪಾಲಾದ 16,800 ರೂಪಾಯಿಯಿಂದ ಮನೆಯ ಅಕ್ಕಿ ನಿಲ್ಲುತ್ತದೆಂಬ ಮಾತು ಲೆಕ್ಕಕ್ಕೆ ನಿಲ್ಲದು.

ನಿಜವಾದ ತೊಡಕು

ಹಾಗಾದರೆ ತೊಡಕೇ ಇಲ್ಲವೆಂದು ತಿಳಿಯಬೇಕೇ? ಇಲ್ಲ. ತೊಡಕು ಉಂಟು, ಆದರೆ ಅದು ಜನ ಹೆದರುವ ದಿಕ್ಕಿನಲ್ಲಿಲ್ಲ. ಮಗುವಿನ ಮಾಸಾಶನದಿಂದ ತಾಯಿಯ ಸೌಲಭ್ಯಕ್ಕೆ ಕುಂದಿಲ್ಲ. ತಾಯಿಯ ದುಡಿಮೆಯಿಂದ ಮಗುವಿನ ಮಾಸಾಶನಕ್ಕೆ ಕುಂದು ಬರಬಹುದು.

ಈ ಮಾಸಾಶನ ಪಡೆಯಲು ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಯನ್ನು ಮೀರಬಾರದು. ಮೊದಲು ಗ್ರಾಮಾಂತರಕ್ಕೆ 12,000, ಪಟ್ಟಣಕ್ಕೆ 17,000 ರೂಪಾಯಿ ಇದ್ದ ಮಿತಿಯೇ ಏರಿ 32,000ಕ್ಕೆ ಬಂದಿದೆ. ಏರಿತೆಂದು ಸಮಾಧಾನಪಡುವ ಮೊದಲು ಅದನ್ನು ದುಡಿಮೆಯ ಜೊತೆಗಿಟ್ಟು ನೋಡಬೇಕು. 2025–26ನೆಯ ಸಾಲಿನಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ಗೊತ್ತಾಗಿದ್ದ ದಿನಗೂಲಿ 370 ರೂಪಾಯಿ. ಆ ದರದಲ್ಲಿ ಒಬ್ಬರು 87 ದಿನ ದುಡಿದರೆ 32,190 ರೂಪಾಯಿ. ಮಿತಿ ಅಲ್ಲಿಗೇ ದಾಟಿತು. ಯೋಜನೆ ಅಂದು ಭರವಸೆ ಕೊಟ್ಟಿದ್ದ ನೂರು ದಿನಗಳನ್ನು ಪೂರ್ತಿ ದುಡಿದರೆ 37,000 ರೂಪಾಯಿ. ಬಡವರಿಗಾಗಿ ಸರಕಾರವೇ ಕೊಡುವ ಕೂಲಿಯನ್ನು ಪೂರ್ಣವಾಗಿ ಪಡೆದವರು ಸರಕಾರದ ಮತ್ತೊಂದು ಲೆಕ್ಕದಲ್ಲಿ ಬಡವರಲ್ಲವೆಂದಾಗುವುದು ವಿಪರ್ಯಾಸವಲ್ಲವೇ?

ಇನ್ನೂ ಒಂದು ಅಸಂಗತಿಯುಂಟು. ಪಡಿತರಕ್ಕೆ 1,20,000 ರೂಪಾಯಿವರೆಗಿನ ಮನೆ ಬಡ ಮನೆ; ಮಾಸಾಶನಕ್ಕೆ 32,000 ದಾಟಿದರೆ ಬಡತನವಿಲ್ಲ. ಒಂದೇ ಮನೆ ಒಂದು ಕಿಟಕಿಯ ಮುಂದೆ ಬಡವರದು, ಪಕ್ಕದ ಕಿಟಕಿಯ ಮುಂದೆ ಅನುಕೂಲಸ್ಥರದು. ತಾಯಿಯ ಗೃಹಲಕ್ಷ್ಮಿ 24,000 ಮತ್ತು ವಿಧವಾ ವೇತನ 9,600 ರೂಪಾಯಿಗಳನ್ನು ಯಾರಾದರೂ ಆದಾಯವೆಂದು ಬರೆದುಬಿಟ್ಟರೆ 33,600 ಆಗುತ್ತದೆ, ಮಗು ಅನರ್ಹವಾಗುತ್ತದೆ. ಸಹಾಯವನ್ನು ಆದಾಯವೆಂದು ಎಣಿಸಿ ಸಹಾಯವನ್ನೇ ತಪ್ಪಿಸುವುದು ನ್ಯಾಯವಾಗಲಾರದು. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡುವಾಗ ಜಮೀನಿನ ಉತ್ಪತ್ತಿಯನ್ನೂ ಕೂಲಿಯನ್ನೂ ಇದ್ದಂತೆಯೇ ಹೇಳಬೇಕು. ಮಾಸಾಶನಗಳನ್ನು ದುಡಿಮೆಯ ಆದಾಯದೊಡನೆ ಬೆರೆಸದೆ ಪ್ರತ್ಯೇಕವಾಗಿ ತಿಳಿಸಬೇಕು.

ಕಾನೂನು ಏನನ್ನು ಹೇಳುತ್ತದೆ?

1995ರ ಅಂಗವಿಕಲರ ಕಾಯಿದೆಯ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಈಗ ಇಪ್ಪತ್ತೊಂದು ಇವೆ. ಅದರ 24ನೆಯ ಕಲಮು ಸಾಮಾಜಿಕ ಭದ್ರತೆಗೆ ಮೀಸಲಾದುದು. ಮಾಸಾಶನಕ್ಕೆ ಆದಾಯದ ಮಿತಿಯನ್ನು ಗೊತ್ತುಮಾಡುವ ಅಧಿಕಾರವನ್ನು ಆ ಕಲಮು ಸರಕಾರಕ್ಕೆ ಕೊಟ್ಟಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೇ ಕಲಮು, ಇತರರಿಗಿರುವ ಅಂಥದೇ ಯೋಜನೆಗಳಿಗಿಂತ ವಿಕಲಚೇತನರ ಸಹಾಯವು ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕೆಂದೂ ವಿಧಿಸಿದೆ. ವಿಧವಾ ವೇತನವೂ 800, ಶೇಕಡಾ 40ರಿಂದ 75ರೊಳಗಿನ ವೈಕಲ್ಯದ ಮಾಸಾಶನವೂ 800 ಆಗಿರುವಾಗ ಆ ಹೆಚ್ಚಿನ ಕಾಲುಭಾಗ ಎಲ್ಲಿ ಹೋಯಿತೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಹೆಚ್ಚಿನ ಆಸರೆ ಬೇಕಾದ ವಿಕಲಚೇತನರಿಗೆ ಆರೈಕೆದಾರರ ಭತ್ಯೆಯನ್ನು ಕೊಡಬೇಕೆಂದೂ ಆ ಕಲಮಿನಲ್ಲಿದೆ. ಕರ್ನಾಟಕದ 2024–25ನೆಯ ಮುಂಗಡಪತ್ರದಲ್ಲಿ ಮೆದುಳಿನ ಪಾರ್ಶ್ವವಾಯು, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿತವಾಯಿತು. ಮಗುವನ್ನು ನೋಡಿಕೊಳ್ಳುವುದೂ ಒಂದು ದುಡಿಮೆಯೆಂದು ಒಪ್ಪಿಕೊಂಡ ಹೆಜ್ಜೆಯಿದು. ಮೊತ್ತ ಚಿಕ್ಕದಾದರೂ ಆಶಯ ದೊಡ್ಡದು.

ಹೊರನಾಡುಗಳ ಕ್ರಮ

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1974ರಿಂದ ನಡೆದಿರುವ ‘ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್’ ಎಂಬ ಸಹಾಯದಲ್ಲಿ, ಮಗುವಿಗೆ 18 ತುಂಬುವವರೆಗೆ ತಂದೆತಾಯಿಯರ ಆದಾಯದಲ್ಲಿಯೂ ಸಂಪತ್ತಿನಲ್ಲಿಯೂ ಒಂದು ಪಾಲನ್ನು ಮಗುವಿನದೆಂದೇ ಎಣಿಸುತ್ತಾರೆ. ಅಲ್ಲಿಯೂ ನಮ್ಮಂತೆಯೇ ಹೆತ್ತವರ ದುಡಿಮೆ ಮಗುವಿನ ಪಾಲನ್ನು ಇಳಿಸುತ್ತದೆ.

ಇಂಗ್ಲೆಂಡಿನ ಕ್ರಮ ಬೇರೆ. ಅಲ್ಲಿ 16 ವರ್ಷದೊಳಗಿನ ವಿಕಲಚೇತನ ಮಗುವಿಗೆ ‘ಡಿಸೆಬಿಲಿಟಿ ಲಿವಿಂಗ್ ಅಲೊಯನ್ಸ್’ ಎಂಬ ಭತ್ಯೆಯುಂಟು. ಅದನ್ನು ಕೊಡುವಾಗ ಹೆತ್ತವರ ಆದಾಯವನ್ನು ನೋಡುವುದಿಲ್ಲ. ಹೆತ್ತವರ ಇತರ ಸಹಾಯವನ್ನು ಲೆಕ್ಕಹಾಕುವಾಗ ಈ ಭತ್ಯೆಯನ್ನು ಆದಾಯವೆಂದು ಹಿಡಿಯುವುದೂ ಇಲ್ಲ. ಬದಲಾಗಿ ಅದು ಬೇರೆ ಬಾಗಿಲುಗಳನ್ನು ತೆರೆಯುತ್ತದೆ. ‘ಯೂನಿವರ್ಸಲ್ ಕ್ರೆಡಿಟ್’ ಪಡೆಯುವ ಮನೆಗೆ ಮಗುವಿನ ನಿಮಿತ್ತ ಹೆಚ್ಚಿನ ಮೊತ್ತ ಸೇರುತ್ತದೆ. ಒಂದು ಮನೆಗೆ ಇಷ್ಟೇ ಎಂಬ ಗರಿಷ್ಠ ಮಿತಿಯಿಂದ ವಿನಾಯಿತಿ ಸಿಗುತ್ತದೆ. ತೀವ್ರವಾದ ಆರೈಕೆ ಬೇಕಾದ ಮಗುವಿಗಾಗಿ ವಾರಕ್ಕೆ 35 ಗಂಟೆ ಶ್ರಮಿಸುವ ತಾಯಿ ಆರೈಕೆಯ ಭತ್ಯೆಗೆ ಅರ್ಜಿ ಹಾಕಬಹುದು. ವೈಕಲ್ಯದಿಂದ ಬರುವ ಹೆಚ್ಚಿನ ಖರ್ಚು ಆದಾಯವಲ್ಲ, ಹೊರೆ ಎಂಬ ತತ್ತ್ವ ಅದರ ಬುಡದಲ್ಲಿದೆ. ಸಂಪತ್ತಿನಲ್ಲಿ ಆ ದೇಶವನ್ನು ನಾವು ಸರಿಗಟ್ಟಲಾರೆವು. ತತ್ತ್ವವನ್ನು ಅಂಗೀಕರಿಸಲು ಸಂಪತ್ತು ಬೇಕಾಗಿಲ್ಲ.

ಮನೆಯವರು ಮಾಡಬೇಕಾದುದು

ಮೊದಲನೆಯದಾಗಿ ವೈದ್ಯಕೀಯ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ. ವೈಕಲ್ಯವು ಶೇಕಡಾ 40ಕ್ಕಿಂತ ಕಡಿಮೆಯಿದ್ದರೆ ಮಾಸಾಶನವಿಲ್ಲ. ಆದುದರಿಂದ ಪ್ರಮಾಣಪತ್ರದಲ್ಲಿ ಬರೆದ ಅಂಕಿಯನ್ನು ಓದಿಸಿ ತಿಳಿದುಕೊಳ್ಳಬೇಕು. ಪಂಚನಹಳ್ಳಿಯಂಥ ಊರಿನಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯುವುದು ಒಂದು ದಿನದ ಕೂಲಿಯನ್ನು ಬಿಡುವ ಕೆಲಸ. ಹೊರಡುವ ಮುನ್ನ ತಪಾಸಣೆಯ ದಿನವನ್ನು ವಿಚಾರಿಸಿಕೊಳ್ಳಬೇಕು.

ಎರಡನೆಯದಾಗಿ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮತ್ತು ಮಾಸಾಶನದ ಅರ್ಜಿ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯಿರುವ ರಸೀದಿಯನ್ನು ಕೇಳಿ ಪಡೆಯಬೇಕು. ತಾಯಿಗೆ ವಿಧವಾ ವೇತನವಿದೆಯೆಂಬ ಕಾರಣದಿಂದ ಯಾರಾದರೂ ಅರ್ಜಿಯನ್ನು ತಿರಸ್ಕರಿಸಿದರೆ ವಾದಕ್ಕೆ ನಿಲ್ಲದೆ, ಯಾವ ನಿಯಮದಂತೆ ತಿರಸ್ಕರಿಸಲಾಗಿದೆಯೆಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಬರೆದುಕೊಡಬೇಕಾದಾಗ ತಪ್ಪು ತಿಳಿವಳಿಕೆಗಳು ತಾವಾಗಿಯೇ ಕರಗುವುದುಂಟು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವನ್ನೂ ಪಡೆಯಬಹುದು.

ಮೂರನೆಯದಾಗಿ 18 ವರ್ಷ ತುಂಬುವ ಹೊತ್ತಿನ ಎಚ್ಚರ. ಆ ದಿನದಿಂದ ಕಾನೂನಿನ ದೃಷ್ಟಿಯಲ್ಲಿ ಮಗ ವಯಸ್ಕ. ತಾಯಿಯ ಸಹಜ ಪೋಷಕತ್ವ ಮುಗಿಯಿತು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯು ಪೋಷಕರನ್ನು ನೇಮಿಸಬಲ್ಲದು. ಈ ಪತ್ರವಿಲ್ಲದೆ ಬ್ಯಾಂಕಿನಲ್ಲಿ ತೊಡಕುಂಟಾದರೆ, ಇದ್ದ ಮಾಸಾಶನವೂ ಕೈಗೆಟುಕದೆ ಹೋದೀತು.

ನೆರೆಹೊರೆಯವರಿಗೂ ಇಲ್ಲೊಂದು ಕರ್ತವ್ಯವಿದೆ. ಇಂಥ ಮನೆಯನ್ನು ಕಂಡು ಮರುಗುವುದು ಸುಲಭ. ಓದುಬಲ್ಲ ಒಬ್ಬ ತರುಣನೋ ತರುಣಿಯೋ ಆ ತಾಯಿಯೊಡನೆ ನಾಡಕಚೇರಿಯವರೆಗೆ ಹೋಗಿ ಬಂದರೆ ಮರುಕಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ. ಆದಾಯದ ಮಿತಿಯನ್ನು ಕನಿಷ್ಠ ಪಡಿತರದ ಮಿತಿಗಾದರೂ ಏರಿಸಬೇಕು, ಸಹಾಯಧನವನ್ನು ಆದಾಯದಲ್ಲಿ ಎಣಿಸಬಾರದು ಎಂದು ಆದೇಶವಾಗಬೇಕು. ಈ ಎರಡು ಬೇಡಿಕೆಗಳನ್ನು ಗ್ರಾಮಸಭೆಯಲ್ಲಿ ಮಂಡಿಸಿ ಜನಪ್ರತಿನಿಧಿಗಳ ಮುಂದಿಡುವುದೂ ನಮ್ಮಿಂದ ಆಗದ ಕೆಲಸವಲ್ಲ. ಆದೇಶ ಬರುವವರೆಗೆ ಮಗುವಿನ ಅರ್ಜಿ ಕಾಯಬೇಕಾಗಿಲ್ಲ. ಮಾಸಾಶನ ಮಗುವಿನದು, ವಿಧವಾ ವೇತನ ತಾಯಿಯದು. ಒಂದರ ಭಯದಿಂದ ಇನ್ನೊಂದನ್ನು ಬಿಡಬೇಕೆಂದು ಯಾವ ನಿಯಮವೂ ಹೇಳಿಲ್ಲ.