ಮೈಬಿಸಿಗೆ ಕರಗುವ ಮದ್ದು

ಮದ್ದೆಂದೊಡನೆ ನಮಗೆ ನೆನಪಾಗುವುದು ಗುಳಿಗೆ, ಇಲ್ಲವೇ ಸೂಜಿಮದ್ದು. ಆದರೆ ಗಂಟಲಿನಲ್ಲಿ ಕ್ಯಾನ್ಸರ್ ಗೆಡ್ಡೆಯುಳ್ಳ ರೋಗಿಯು ಗುಳಿಗೆಯನ್ನು ನುಂಗುವುದೆಂತು? ಎಡೆಬಿಡದೆ ವಾಂತಿ ಮಾಡುವವನ ಹೊಟ್ಟೆಯಲ್ಲಿ ಅದು ನಿಲ್ಲುವುದೆಂತು? ಇಂಥವರಿಗೆ ವೈದ್ಯರು ಗುದನಾಳದಲ್ಲಿ ಮದ್ದಿನ ಬತ್ತಿಯನ್ನಿರಿಸುವುದುಂಟು. ಇದಕ್ಕೆ ಸಪೊಸಿಟರಿ ಎಂದು ಹೆಸರು. ಗೆಡ್ಡೆಯನ್ನು ಕುಗ್ಗಿಸುವ ಮದ್ದುಗಳನ್ನು ಈ ರೂಪಕ್ಕೆ ತರುವುದು ಹೇಗೆಂಬುದನ್ನು ನೋಡೋಣ.

ನುಂಗಿದ ಮದ್ದು ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಕಿಣ್ವಗಳು ಕೆಲವು ಮದ್ದುಗಳ ಬಹುಭಾಗವನ್ನು ಒಡೆದುಬಿಡುತ್ತವೆ. 1957ರಲ್ಲಿ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ಪ್ರಕಟಿಸಿದ ಫ್ಲೂರೋಯುರಾಸಿಲ್ ಇಂಥದೊಂದು. ಗುದನಾಳದ ಮೇಲುಭಾಗದ ರಕ್ತವೂ ಯಕೃತ್ತಿಗೇ ಹರಿಯುತ್ತದೆ; ಕೆಳಭಾಗದ ರಕ್ತವಾದರೋ ಯಕೃತ್ತನ್ನು ಹೊಗದೆ ಹೃದಯದತ್ತ ಸಾಗುತ್ತದೆ. ಆದುದರಿಂದ ಬತ್ತಿಯು ಎಲ್ಲಿ ನಿಂತಿತೆಂಬುದೂ ಲೆಕ್ಕಕ್ಕೆ ಬರುತ್ತದೆ.

ಬತ್ತಿಯು ಹೊರಗೆ ಗಟ್ಟಿಯಾಗಿದ್ದು, 37 ಡಿಗ್ರಿ ಸೆಂಟಿಗ್ರೇಡಿನ ಮೈಬಿಸಿಗೆ ಕರಗಬೇಕು. ಸುಮಾರು 34 ಡಿಗ್ರಿಯಲ್ಲಿ ಕರಗುವ ಕೋಕೋ ಬೆಣ್ಣೆಗೆ ಈ ಗುಣವುಂಟು. ಆದರೆ ಅದನ್ನು ಅತಿಯಾಗಿ ಕಾಯಿಸಿ ಬೇಗನೆ ತಣಿಸಿದರೆ ಬೇರೆ ಬಗೆಯ ಸ್ಫಟಿಕಗಳು ಮೂಡಿ, ಇನ್ನೂ ಕಡಮೆ ಬಿಸಿಗೇ ಕರಗಿಹೋಗುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರಿನಂಥ ಊರಿನಲ್ಲಿ, ಸರಿಯಾಗಿ ತಯಾರಿಸಿದ ಬತ್ತಿಯನ್ನೂ ತಂಪಿನಲ್ಲಿಡದೆ ಗತಿಯಿಲ್ಲ.

ಬತ್ತಿ ಕರಗಿದರೆ ಸಾಲದು, ಮದ್ದು ಅದರಿಂದ ಹೊರಬರಬೇಕು. ಎಣ್ಣೆಯಲ್ಲಿ ಕರಗಿದ ಕರ್ಪೂರ ನೀರಿಗೆ ಇಳಿಯಲೊಲ್ಲದು; ಎಣ್ಣೆಯಲ್ಲಿ ಕಲಸಿದ ಉಪ್ಪು ಬೇಗನೆ ಇಳಿಯುತ್ತದೆ. ಹಾಗೆಯೇ ಕೊಬ್ಬಿನಲ್ಲಿ ಕರಗದ ಮದ್ದಿನ ಪುಡಿಯು ಗುದನಾಳದ ತೇವಕ್ಕೆ ಸುಲಭವಾಗಿ ಸೇರುತ್ತದೆ. ಆದರೆ ಇಂಥ ಪುಡಿ ಕರಗಿದ ಕೊಬ್ಬಿನಲ್ಲಿ ತಳಕ್ಕಿಳಿಯುವುದು ಸಹಜ. ಕಣ ದಪ್ಪವಾದಷ್ಟೂ, ಕೊಬ್ಬು ತೆಳುವಾದಷ್ಟೂ ಇಳಿಯುವ ವೇಗ ಹೆಚ್ಚು. ಎಚ್ಚರ ತಪ್ಪಿದರೆ ಒಂದು ಬತ್ತಿಯಲ್ಲಿ ಮದ್ದು ಹೆಚ್ಚು, ಇನ್ನೊಂದರಲ್ಲಿ ಕಡಮೆ. ಆರೋಗ್ಯವಂತ ಜೀವಕೋಶವನ್ನೂ ಕೊಲ್ಲಬಲ್ಲ ಮದ್ದಿನಲ್ಲಿ ಇದು ಸಣ್ಣ ದೋಷವಲ್ಲ. ಆದುದರಿಂದ ಪುಡಿಯನ್ನು ನುಣ್ಣಗೆ ಅರೆದು, ಮಿಶ್ರಣವನ್ನು ಕದಡುತ್ತಲೇ ಇದ್ದು, ಹೆಪ್ಪುಗಟ್ಟುವ ಹೊತ್ತಿಗೆ ಅಚ್ಚಿಗೆ ಹೊಯ್ಯುತ್ತಾರೆ.

1960ರ ದಶಕದಲ್ಲಿ ಲಾಟ್ವಿಯದ ರೀಗಾ ನಗರದಲ್ಲಿ ರಚಿತವಾದ ಟೆಗಾಫರ್ ಶರೀರದೊಳಗೆ ನಿಧಾನವಾಗಿ ಫ್ಲೂರೋಯುರಾಸಿಲ್ ಆಗಿ ಮಾರ್ಪಡುತ್ತದೆ. ಜಪಾನಿನಲ್ಲಿ ಇದನ್ನು ಬತ್ತಿಯ ರೂಪದಲ್ಲಿಯೂ ರೋಗಿಗಳಿಗೆ ಕೊಟ್ಟಿದ್ದಾರೆ.

ಈ ಮಾರ್ಗ ಎಲ್ಲರಿಗೂ ಸಲ್ಲದು. ಭೇದಿಯಾಗುತ್ತಿದ್ದರೆ ಬತ್ತಿ ನಿಲ್ಲದು. ಗೆಡ್ಡೆಯ ಮದ್ದುಗಳಿಂದ ರಕ್ತದ ಬಿಳಿಯ ಕಣಗಳು ತಗ್ಗಿರುವಾಗ ಗುದನಾಳದ ಸಣ್ಣ ಗೀರೂ ಸೋಂಕಿಗೆ ಬಾಗಿಲಾದೀತು. ಆದಕಾರಣ ಬತ್ತಿಯನ್ನು ಬಳಸುವ ಮುನ್ನ ವೈದ್ಯರು ರೋಗಿಯ ರಕ್ತವನ್ನು ಪರೀಕ್ಷಿಸಿ ನೋಡುವುದು ಅವಶ್ಯಕ.