ಮನೆಹೆಸರಿನ ತಂಡ

ಸೇಲಂನ ನೇಕಾರ ಕೇರಿಗಳಲ್ಲಿ ಕನ್ನಡ ಮಾತಾಡುವ ಹೊಸಬರು ಕಂಡರೆ ಹಿರಿಯರು ಊರು ಕೇಳಿದ ಮೇಲೆ ಕೇಳುವ ಎರಡನೆಯ ಪ್ರಶ್ನೆ, ‘ಯಾವ ಕುಲ?’ ಜಾತಿ ಕೇಳುವುದಲ್ಲ ಅದು. ದೇವಾಂಗರೊಳಗೇ ಇರುವ ಹತ್ತಾರು ಕುಲಗಳಲ್ಲಿ ನೀನು ಯಾವುದು, ನಮಗೆ ಅಣ್ಣತಮ್ಮನೋ ಬೀಗನೋ ಎಂದು ತಿಳಿಯುವ ದಾರಿ. ಒಂದೇ ಕುಲವಾದರೆ ಹೆಣ್ಣು ಕೊಟ್ಟು ತರುವಂತಿಲ್ಲ, ಬೇರೆಯಾದರೆ ಮಾತು ಮುಂದುವರಿಯುತ್ತದೆ. ಚೌಡೇಶ್ವರಿ ಹಬ್ಬದಲ್ಲಿ ವೀರಕುಮಾರರೆಂಬ ಭಕ್ತರು ಕತ್ತಿ ಹಾಕುತ್ತ ಬರುವಾಗ ಬೀದಿಯ ಇಬ್ಬದಿಯಲ್ಲಿ ನಿಂತವರನ್ನು ನೋಡಿ. ಈರೋಡಿನಿಂದ, ಕೊಯಮತ್ತೂರಿನಿಂದ, ಬೆಂಗಳೂರಿನಿಂದ ಬಂದ ದಾಯಾದಿಗಳು ಅಲ್ಲಿ ಸಿಗುತ್ತಾರೆ. ವರ್ಷವಿಡೀ ಮುಖ ನೋಡದವರು ಅಂದು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ.

ಆ ಕುಲಗಳು ತಲೆಗೊಂದು ತಂಡ ಕಟ್ಟಿ, ಹನ್ನೊಂದು ಮಂದಿಯ ಕೈಗೆ ಹಾಕಿ ಕೋಲು ಕೊಟ್ಟು ಮೈದಾನಕ್ಕೆ ಇಳಿಸಿದವು ಎಂದುಕೊಳ್ಳಿ. ನಗು ಬರಬಹುದು. ಆದರೆ ಹೊಗೇನಕಲ್ಲಿನಲ್ಲಿ ಧುಮುಕಿ ಮೇಟೂರಿನಲ್ಲಿ ನಿಲ್ಲುವ ಇದೇ ಕಾವೇರಿಯ ಗುಂಟ ಮೇಲಕ್ಕೆ ಹೋದರೆ, ತಲಕಾವೇರಿಯ ನಾಡಾದ ಕೊಡಗಿನಲ್ಲಿ ಈ ಕೆಲಸ 1997ರಿಂದ ನಡೆಯುತ್ತಿದೆ. ಕೊಡವರು ಅದಕ್ಕೆ ‘ಹಾಕಿ ನಮ್ಮೆ’ ಎನ್ನುತ್ತಾರೆ. ನಮ್ಮೆ ಎಂದರೆ ಹಬ್ಬ.

ಇದರ ವಿಶೇಷ ತಿಳಿಯಬೇಕಾದರೆ ಕ್ಲಬ್ಬು ಎಂಬುದು ಏನೆಂದು ಮೊದಲು ನೋಡಬೇಕು. ಹಾಕಿಯ ಕ್ಲಬ್ಬು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಇಂಗ್ಲೆಂಡು ಮತ್ತು ಐರ್ಲೆಂಡುಗಳಲ್ಲಿ. ಐರಿಷ್ ಹಾಕಿ ಯೂನಿಯನ್ ಸ್ಥಾಪನೆಯಾದದ್ದು 1893ರಲ್ಲಿ. ಡಬ್ಲಿನ್ನಿನ ತ್ರೀ ರಾಕ್ ರೋವರ್ಸ್ ಕ್ಲಬ್ಬಿಗೂ ಅದೇ ವಯಸ್ಸು. ಮರುವರ್ಷವೇ ಅಲ್ಲಿನ ಹೆಂಗಸರು ತಮ್ಮದೇ ಯೂನಿಯನ್ ಕಟ್ಟಿಕೊಂಡರು. ಒಂದು ದೇಶದ ಹೆಂಗಸರು ಹಾಕಿಗಾಗಿ ಸಂಘ ಕಟ್ಟಿದ್ದು ಜಗತ್ತಿನಲ್ಲೇ ಅದು ಮೊದಲು. ಉತ್ತರದ ಲಿಸ್‌ನಗಾರ್ವೆ ಕ್ಲಬ್ಬು 1901ರದು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಐರ್ಲೆಂಡ್ ಹಾಕಿಯಲ್ಲಿ ಬೆಳ್ಳಿ ಗೆದ್ದಿತು. ಆ ಕ್ಲಬ್ಬುಗಳ ರಚನೆ ಸರಳ: ಚಂದಾ ಕಟ್ಟಿದವರು ಸದಸ್ಯರು, ಸದಸ್ಯರು ಆರಿಸಿದವರು ಪದಾಧಿಕಾರಿಗಳು, ಬೇಡವಾದರೆ ಬಿಟ್ಟು ಇನ್ನೊಂದು ಕ್ಲಬ್ಬಿಗೆ ಹೋಗಬಹುದು. ಅಪ್ಪ ಯಾರೆಂದು ಕೇಳುವ ಕಾಲಂ ಅರ್ಜಿಯಲ್ಲಿ ಇಲ್ಲ.

ಐರ್ಲೆಂಡಿನಲ್ಲಿ ಇನ್ನೊಂದು ಕೋಲಿನ ಆಟವೂ ಇದೆ, ಹರ್ಲಿಂಗ್. ಹಾಕಿಗಿಂತ ಎಷ್ಟೋ ಹಳೆಯದು. ಅದನ್ನು ನೋಡಿಕೊಳ್ಳಲು 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿನ ಕ್ಲಬ್ಬುಗಳು ಬೇರೆ ಬಗೆಯವು. ಒಂದು ಇಗರ್ಜಿಯ ಸುತ್ತಣ ಊರಿಗೆ ಒಂದು ಕ್ಲಬ್ಬು. ಹುಟ್ಟಿದ ಊರೇ ನಿಮ್ಮ ತಂಡ, ಆಯ್ಕೆಯ ಮಾತೇ ಕಡಿಮೆ. ಹಾಕಿ, ಕ್ರಿಕೆಟ್, ರಗ್ಬಿ, ಫುಟ್‌ಬಾಲ್ ಇವೆಲ್ಲ ಬ್ರಿಟಿಷರ ಆಟಗಳೆಂದು ಆ ಸಂಘಟನೆ ತನ್ನ ಸದಸ್ಯರಿಗೆ ನಿಷೇಧ ಹಾಕಿತ್ತು, ಅದನ್ನು ತೆಗೆದದ್ದು 1971ರಲ್ಲಿ. ಹೀಗೆ ಒಂದು ಸಣ್ಣ ದ್ವೀಪದಲ್ಲಿ ಸೇರಿಕೊಳ್ಳುವ ಕೋಲು ಒಂದು, ಹುಟ್ಟಿನಿಂದ ಬರುವ ಕೋಲು ಇನ್ನೊಂದು. ಎರಡೂ ಬಹುಕಾಲ ಒಂದನ್ನೊಂದು ಓರೆಗಣ್ಣಿನಿಂದಲೇ ನೋಡಿದವು. ಕೊಡಗಿನವರು ಮಾಡಿದ್ದು ಇಷ್ಟೇ: ಬ್ರಿಟಿಷರಿಂದ ಬಂದ ಆಟವನ್ನು ತೆಗೆದುಕೊಂಡು ಹುಟ್ಟಿನ ಲೆಕ್ಕಕ್ಕೆ ಬರೆದುಕೊಂಡರು.

ಕೊಡವರ ಹುಟ್ಟಿನ ಲೆಕ್ಕಕ್ಕೆ ‘ಒಕ್ಕ’ ಎಂದು ಹೆಸರು. ನಮ್ಮ ‘ಒಕ್ಕಲು’ ಎಂಬ ಮಾತಿನ ನೆಂಟ ಈ ಪದ. ಒಬ್ಬ ಮೂಲಪುರುಷನ ಗಂಡು ಸಂತತಿ ಒಂದು ಒಕ್ಕ. ಆ ಮೂಲಪುರುಷ ‘ಕಾರಣವ’. ಒಕ್ಕದ ಹಳೆಯ ಮನೆ ‘ಐನ್‌ಮನೆ’, ಅದರ ಹಿರಿಯ ‘ಪಟ್ಟೆದಾರ’. ಒಂದೇ ಒಕ್ಕದೊಳಗೆ ಮದುವೆ ಇಲ್ಲ. ನಮ್ಮ ಕುಲದ ಹಾಗೆಯೇ, ಆದರೆ ನೆಲಕ್ಕೆ ಇನ್ನೂ ಬಿಗಿಯಾಗಿ ಕಟ್ಟಿದ್ದು. ಒಕ್ಕಕ್ಕೆ ಮನೆ ಇದೆ, ಗದ್ದೆ ಇದೆ, ಹಿರಿಯರ ನೆನಪಿನ ಗುಡಿ ಇದೆ, ಮತ್ತು ಹೆಸರಿನ ಮುಂದೆ ಅಂಟಿಕೊಳ್ಳುವ ಮನೆಹೆಸರಿದೆ. ಆ ಹೆಸರುಗಳು ಅಂಡ, ಇರ, ಮಾಡ ಎಂದೆಲ್ಲ ಮುಗಿಯುತ್ತವೆ: ಪಾಂಡಂಡ, ಕುಲ್ಲೇಟಿರ, ಮಾಚಮಾಡ.

ಹಾಕಿ ಈ ನಾಡಿಗೆ ಬಂದದ್ದು ಸೈನ್ಯ ಮತ್ತು ಶಾಲೆಗಳ ಮೂಲಕ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. ಕಾಫಿ ತೋಟ, ಇಂಗ್ಲಿಷ್ ಶಾಲೆ, ಸೈನ್ಯದ ನೌಕರಿ ಒಂದರ ಬೆನ್ನಿಗೆ ಒಂದು ಬಂದವು. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಊರದು. ರಜೆಗೆ ಬಂದ ಸಿಪಾಯಿಯ ಟ್ರಂಕಿನ ಜೊತೆ ಕೋಲೂ ಬರುತ್ತಿತ್ತು ಎಂದು ಊಹಿಸಿದರೆ ತಪ್ಪಾಗಲಾರದು. ಭಾರತ ತಂಡದ ಪಟ್ಟಿಯಲ್ಲಿ ಕೊಡವ ಮನೆಹೆಸರುಗಳು ಮೊದಲಕ್ಷರಗಳೊಳಗೆ ಅಡಗಿ ಕೂತಿವೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದು, 1973ರ ವಿಶ್ವಕಪ್ಪಿನಲ್ಲಿ ನಾಯಕನಾಗಿ ತಂಡವನ್ನು ಫೈನಲ್ಲಿಗೆ ಒಯ್ದ ಎಂ.ಪಿ. ಗಣೇಶ್ ಅವರ ‘ಎಂ’ ಎಂದರೆ ಮೊಳ್ಳೇರ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರ ಸೋಲ್‌ನಲ್ಲಿ ನಾಯಕರಾದ ಎಂ.ಎಂ. ಸೋಮಯ್ಯ ಮನೆಯಪಂಡದವರು. ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಅಂಜಪರವಂಡದವರು. ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೇಳುತ್ತಿದ್ದ ನಮಗೆ ಅವು ಬರೀ ಇಂಗ್ಲಿಷ್ ಅಕ್ಷರಗಳು. ಕೊಡಗಿನಲ್ಲಿ ಕೇಳುತ್ತಿದ್ದವರಿಗೆ ಮನೆಯ ವಿಳಾಸ.

ಆಟಗಾರರಿಗೆ ಬರವಿರಲಿಲ್ಲ, ಬರ ಬೇರೆ ಕಡೆ ಇತ್ತು. ಐನ್‌ಮನೆಗಳಲ್ಲಿ ಬಾಳುವವರು ಕಡಿಮೆಯಾಗುತ್ತ ಬಂದಿದ್ದರು. ಮಕ್ಕಳು ಬೆಂಗಳೂರು, ಮೈಸೂರು, ಇನ್ನೂ ದೂರದ ದೇಶಗಳನ್ನು ಸೇರಿದ್ದರು. ಮದುವೆ, ಸಾವು ಬಿಟ್ಟರೆ ಒಕ್ಕದವರು ಸೇರುವ ಸಂದರ್ಭ ಇರಲಿಲ್ಲ. ಎರಡನೆಯ ತಲೆಮಾರಿನ ಅಣ್ಣತಮ್ಮಂದಿರು ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಗುರುತಾಗದ ಸ್ಥಿತಿ. ಇದನ್ನು ಕಂಡು ಮರುಗಿದವರು ಪಾಂಡಂಡ ಕುಟ್ಟಪ್ಪ. ಬ್ಯಾಂಕಿನಲ್ಲಿ ನೌಕರಿ ಮಾಡಿದವರು, ಹಾಕಿ ಪಂದ್ಯಗಳಿಗೆ ಅಂಪೈರ್ ಆಗಿ ಸೀಟಿ ಊದಿದವರು. ತಮ್ಮಂಥವರ ಜೊತೆ ಸೇರಿ ಕುಟುಂಬಗಳ ನಡುವೆ ಪಂದ್ಯ ಏರ್ಪಡಿಸಿದರು. 1997ರಲ್ಲಿ ಕರಡ ಎಂಬ ಹಳ್ಳಿಯ ಮೈದಾನದಲ್ಲಿ ಮೊದಲ ನಮ್ಮೆ ನಡೆಯಿತು. ಬಂದದ್ದು 60 ಒಕ್ಕಗಳು.

ಕುಟ್ಟಪ್ಪನವರ ಜಾಣತನ ಇದ್ದದ್ದು ಒಂದೇ ನಿಯಮದಲ್ಲಿ ಎಂದು ನನಗೆ ಅನಿಸುತ್ತದೆ. ತಂಡದಲ್ಲಿ ಆಡುವವರೆಲ್ಲ ಒಂದೇ ಒಕ್ಕದವರಾಗಿರಬೇಕು. ಊರಿನ ಒಳ್ಳೆಯ ಆಟಗಾರನನ್ನು ದುಡ್ಡು ಕೊಟ್ಟು ತರುವಂತಿಲ್ಲ, ಅಳಿಯನ ಗೆಳೆಯನನ್ನು ನುಸುಳಿಸುವಂತಿಲ್ಲ. ಹಾಗಿದ್ದರೆ ಹನ್ನೊಂದು ಜನ ಎಲ್ಲಿಂದ ಬರಬೇಕು? ಫೋನು ಹಿಡಿಯಬೇಕು. ದುಬೈಯಲ್ಲಿರುವ ಚಿಕ್ಕಪ್ಪನ ಮಗನಿಗೆ ರಜೆ ಹಾಕಲು ಹೇಳಬೇಕು. ಹತ್ತು ವರ್ಷದಿಂದ ಮಾತು ಬಿಟ್ಟ ದಾಯಾದಿಯ ಮನೆಯಲ್ಲಿ ಒಳ್ಳೆಯ ಗೋಲ್‌ಕೀಪರ್ ಇದ್ದರೆ ಆ ಮನೆಯ ಮೆಟ್ಟಿಲು ಹತ್ತಬೇಕು. ಇಷ್ಟಾದರೂ ಸಂಖ್ಯೆ ತುಂಬದಿದ್ದರೆ ಶಾಲೆಗೆ ಹೋಗುವ ಮಗಳನ್ನು, ಸೊಸೆಯನ್ನು, ಮೊಣಕಾಲು ನೋವಿನ ಅಜ್ಜನನ್ನು ಕಣಕ್ಕಿಳಿಸಬೇಕು. ಗಂಡು ಹೆಣ್ಣು ಒಂದೇ ತಂಡದಲ್ಲಿ ಆಡುವುದು ಈ ಹಬ್ಬದಲ್ಲಿ ಸಹಜ. ಆ ಸಮತೆ ಯಾವ ಭಾಷಣದಿಂದಲೂ ಬರಲಿಲ್ಲ, ತಲೆ ಎಣಿಸಿದಾಗ ಕಡಿಮೆ ಬಿದ್ದದ್ದರಿಂದ ಬಂತು.

ಪಂದ್ಯಾವಳಿಯ ರೀತಿ ನಾಕೌಟ್, ಸೋತವರು ಮನೆಗೆ. ಇದರಲ್ಲಿ ಒಂದು ಚೆಂದದ ಲೆಕ್ಕವಿದೆ. ಎಷ್ಟು ತಂಡಗಳಿದ್ದರೂ ಒಟ್ಟು ಪಂದ್ಯಗಳು ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ. ಪ್ರತಿ ಪಂದ್ಯಕ್ಕೂ ಒಬ್ಬರು ಹೊರಗೆ ಬೀಳುತ್ತಾರೆ, ಕೊನೆಗೆ ಒಬ್ಬರನ್ನು ಉಳಿಸಬೇಕು, ಅಷ್ಟೆ. 60 ತಂಡಗಳಿಗೆ 59 ಪಂದ್ಯ, 396 ತಂಡಗಳಿಗೆ 395. ಹಾಗಾಗಿಯೇ ಏಪ್ರಿಲ್ ತಿಂಗಳಲ್ಲಿ ಹಬ್ಬ ವಾರಗಟ್ಟಲೆ ನಡೆಯುತ್ತದೆ, ಒಂದಕ್ಕಿಂತ ಹೆಚ್ಚು ಮೈದಾನ ಬೇಕಾಗುತ್ತದೆ. ಸುಮಾರು ಅರ್ಧದಷ್ಟು ತಂಡಗಳ ಹಬ್ಬ ಒಂದೇ ಪಂದ್ಯಕ್ಕೆ ಮುಗಿಯುತ್ತದೆ. ಅವರು ಬೇಸರದಿಂದ ಗಂಟುಮೂಟೆ ಕಟ್ಟುತ್ತಾರೆ ಎಂದುಕೊಂಡರೆ ತಪ್ಪು. ಗೆದ್ದರೆ ನಾಳೆ ಇನ್ನೊಂದು ದಿನ ರಜೆ ಬೇಕು. ಸೋತರೆ ಮರದ ನೆರಳಲ್ಲಿ ಕೂತು ಪಂದಿ ಕರಿ, ಕಡಂಬುಟ್ಟು ಉಂಡು, ಬೇರೆಯವರ ಆಟಕ್ಕೆ ಟೀಕೆ ಮಾಡಬಹುದು.

ಪ್ರತಿ ವರ್ಷ ಒಂದು ಒಕ್ಕ ಹಬ್ಬದ ಹೊಣೆ ಹೊರುತ್ತದೆ. ಆ ವರ್ಷದ ಕಪ್ಪಿಗೆ ಅದೇ ಹೆಸರು. ಮೈದಾನ ಹಸನು ಮಾಡುವುದು, ಗ್ಯಾಲರಿ ಕಟ್ಟುವುದು, ಅಂಪೈರುಗಳಿಗೆ ಊಟ ವಸತಿ, ಅತಿಥಿಗಳನ್ನು ಕರೆಯುವುದು, ಸರ್ಕಾರದ ಅನುದಾನಕ್ಕೆ ಓಡಾಡುವುದು, ಉಳಿದದ್ದಕ್ಕೆ ಕೈಯಿಂದ ಹಾಕುವುದು ಎಲ್ಲ ಆ ಮನೆಯವರ ಪಾಲು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎನ್ನುವ ಗಾದೆಗೆ ಕೊಡಗಿನಲ್ಲಿ ಮೂರನೆಯದೊಂದನ್ನು ಸೇರಿಸಿಕೊಳ್ಳಬಹುದು. ಉದ್ಘಾಟನೆಯ ದಿನ ಕುಪ್ಯ ತೊಟ್ಟು, ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿಕೊಂಡ ಹಿರಿಯರು ಬರುತ್ತಾರೆ, ಗಾಳಿಯಲ್ಲಿ ಗುಂಡು ಹಾರುತ್ತದೆ. ಕೊಡವರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಹಾಕಿ ಪಂದ್ಯ ಗುಂಡಿನ ಸದ್ದಿನಿಂದ ಆರಂಭವಾಗುವ ಊರು ಬೇರೆ ಇದ್ದಂತಿಲ್ಲ.

ಬೆಳೆದ ಬಗೆ ಅಂಕಿಗಳಲ್ಲೇ ಕಾಣುತ್ತದೆ. 2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕಪ್ ನಡೆಯುವ ಹೊತ್ತಿಗೆ ತಂಡಗಳು ಮುನ್ನೂರು ದಾಟಿದ್ದವು. ಅದೇ ವರ್ಷ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು, ಊರುಗಳು ಮಣ್ಣಿನಡಿ ಹೋದವು. ಮನೆ ಕಳೆದುಕೊಂಡವರ ನಡುವೆ ಹಬ್ಬ ಮಾಡುವ ಮನಸ್ಸು ಯಾರಿಗೂ ಬರಲಿಲ್ಲ. ಆಮೇಲೆ ಕೊರೋನಾ ಬಂತು. ಕುಟ್ಟಪ್ಪ 2020ರಲ್ಲಿ ತೀರಿಕೊಂಡರು. ಈ ಹಬ್ಬದ ಕಥೆ ಅಲ್ಲಿಗೆ ಮುಗಿಯಿತೆಂದು ಹೊರಗಿನವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಕಪ್ಪಿಗೆ ಬಂದ ಒಕ್ಕಗಳು 336. ಮರುವರ್ಷ ಕುಂಡ್ಯೋಳಂಡ ಕಪ್ಪಿಗೆ 360 ತಂಡ, 4,800ಕ್ಕೂ ಹೆಚ್ಚು ಆಟಗಾರರು. ಅತಿ ದೊಡ್ಡ ಹಾಕಿ ಪಂದ್ಯಾವಳಿಯೆಂದು ಗಿನ್ನೆಸ್ ದಾಖಲೆಯೂ ಆಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ 396. ಹೊಗಳಿಕೆಗೆ ದಾಖಲೆ ಪುಸ್ತಕ ಸಾಕು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ನಾಲ್ಕು ವರ್ಷ ಬಿಟ್ಟು ಕರೆದರೂ ಒಕ್ಕಗಳು ಕಡಿಮೆಯಾಗದೆ ಹೆಚ್ಚಾಗಿಯೇ ಬಂದವು. ಸದಸ್ಯರು ಚಂದಾ ನಿಲ್ಲಿಸಿದ ಕ್ಲಬ್ಬು ಮುಚ್ಚಿಹೋಗುತ್ತದೆ. ಒಕ್ಕಕ್ಕೆ ರಾಜೀನಾಮೆ ಕೊಡಲು ಬರುವುದಿಲ್ಲ.

ಇದು ಹಾಕಿಗೆ ಒಳ್ಳೆಯದೇ? ಈ ಪ್ರಶ್ನೆಗೆ ಕೊಡಗಿನಲ್ಲೇ ಎರಡು ಉತ್ತರ ಸಿಗುತ್ತವೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ದೊಡ್ಡ ಹಾಕಿ ಕೃತಕ ಹಾಸಿನ ಮೇಲೆ ನಡೆಯುತ್ತದೆ. ನಮ್ಮೆ ನಡೆಯುವುದು ಮಣ್ಣು ಹುಲ್ಲಿನ ಮೇಲೆ. ಅಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆಂದು ಚೆಂಡಿಗೇ ಗೊತ್ತಿರುವುದಿಲ್ಲ. ಅಜ್ಜಿಯೂ ಮೊಮ್ಮಗನೂ ಆಡುವ ತಂಡದಿಂದ ಒಲಿಂಪಿಕ್ಸ್ ಆಟಗಾರ ಹುಟ್ಟುವುದಿಲ್ಲ ಎನ್ನುವವರ ಮಾತು ಸುಳ್ಳಲ್ಲ. ಆ ಕೆಲಸ ಮಾಡುವುದು ಪೊನ್ನಂಪೇಟೆ, ಕೂಡಿಗೆಗಳ ಕ್ರೀಡಾ ಶಾಲೆಗಳು, ಸೈನ್ಯದ ತಂಡಗಳು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನೇ ನೋಡಿ. 2012 ಮತ್ತು 2016ರ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಆಡಿದ ಈ ಮುಂಚೂಣಿ ಆಟಗಾರ ಕೊಡವರಲ್ಲ. ಬಡಗಿಯ ಮಗ, ಅವರಿಗೆ ಒಕ್ಕದ ತಂಡವೇ ಇರಲಿಲ್ಲ. ಹುಟ್ಟಿನಿಂದ ಬರುವ ತಂಡಕ್ಕೆ ಇರುವ ಗೋಡೆ ಇದು. ಒಳಗಿದ್ದವರಿಗೆ ಬೆಚ್ಚಗೆ, ಹೊರಗಿದ್ದವರಿಗೆ ಬಾಗಿಲಿಲ್ಲ. ಕೊಡಗಿನ ಬೇರೆ ಸಮುದಾಯಗಳು ಇದಕ್ಕೆ ಕಂಡುಕೊಂಡ ದಾರಿ ತಮ್ಮದೇ ಹಬ್ಬ ಮಾಡಿಕೊಳ್ಳುವುದು. ಅರೆಭಾಷೆ ಗೌಡ ಕುಟುಂಬಗಳು ಅದೇ ಮಾದರಿಯಲ್ಲಿ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತವೆ. ಗೋಡೆ ಬೀಳಲಿಲ್ಲ, ಪಕ್ಕದಲ್ಲಿ ಇನ್ನೊಂದು ಮನೆ ಎದ್ದಿತು.

ಆದರೆ ನೋಡುವವರನ್ನು ತಯಾರಿಸುವುದರಲ್ಲಿ ನಮ್ಮೆಗೆ ಸಾಟಿ ಇಲ್ಲ. ಕೋಲು ಹಿಡಿದು ಒಮ್ಮೆ ಬೆವರಿದವನಿಗೆ ಆಟ ಅರ್ಥವಾಗುತ್ತದೆ, ಮಗುವಿನ ಕೈಗೆ ಕೋಲು ಕೊಡಲು ಅಂಜಿಕೆ ಇರುವುದಿಲ್ಲ. 2018ರಲ್ಲಿ ಲಂಡನ್ನಿನ ಮಹಿಳಾ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ ಐರ್ಲೆಂಡ್ ಶೂಟೌಟಿನಲ್ಲಿ ಭಾರತವನ್ನು ಸೋಲಿಸಿ, ಕೊನೆಗೆ ಬೆಳ್ಳಿಯನ್ನೂ ಗೆದ್ದಿತು. ಆ ಐರಿಷ್ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಬೇರೆ ಉದ್ಯೋಗ, ಓದು ಇಟ್ಟುಕೊಂಡು ಸಂಜೆ ಕ್ಲಬ್ಬಿನ ಮೈದಾನಕ್ಕೆ ಬರುತ್ತಿದ್ದವರು. ಕರಡದ ಮೈದಾನಕ್ಕೆ ರಜೆ ಹಾಕಿ ಬಂದ 60 ಒಕ್ಕಗಳವರಿಗೂ ಹಾಕಿ ಹೊಟ್ಟೆಪಾಡಾಗಿರಲಿಲ್ಲ.

ಈಗ ನಮ್ಮ ಕೇರಿಗೆ ಬಂದರೆ, ಚೌಡೇಶ್ವರಿ ಹಬ್ಬದ ಮರುದಿನ ಊಟವಾದ ಮೇಲೆ ಹುಡುಗರು ಬೀದಿಯಲ್ಲಿ ಟೆನ್ನಿಸ್ ಚೆಂಡಿನ ಕ್ರಿಕೆಟ್ ಆಡುತ್ತಾರೆ. ತಂಡ ಹಂಚುವಾಗ ಮನೆ ಯಾವ ಬೀದಿಯಲ್ಲಿದೆ ಎಂದು ನೋಡುತ್ತಾರೆ, ಕುಲ ಯಾರೂ ಕೇಳುವುದಿಲ್ಲ.