ಗುಳಿಗೆಯಲ್ಲದ ಟ್ಯಾಬ್ಲೆಟ್

"ಅವ್ವಾ, ಈ ಸಲ ಬರೋವಾಗ ನಿನಗೊಂದು ಟ್ಯಾಬ್ಲೆಟ್ ತರತೇನಿ" ಎಂದು ಪುಣೆಯಲ್ಲಿ ನೆಲೆಸಿದ ಮಗ ದೂರವಾಣಿಯಲ್ಲಿ ಹೇಳಿದಾಗ, ಧಾರವಾಡದ ತಾಯಿ "ಇದ್ದ ಗುಳಿಗೀನ ಇನ್ನಾ ತೀರಿಲ್ಲಪಾ, ಮತ್ಯಾಕ ತರ್ತೀ?" ಎಂದು ಕೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ. ಎಪ್ಪತ್ತು ದಾಟಿದ ಅನೇಕರ ಪಾಲಿಗೆ ಆ ಶಬ್ದ ಇಂದಿಗೂ ಔಷಧಕ್ಕೇ ಸೇರಿದ್ದು. ಬೆರಳಿನಿಂದ ಮುಟ್ಟಿ ನಡೆಸುವ ಈ ಫಲಕವು 2010ರಲ್ಲಿ ಐಪ್ಯಾಡ್ ಬಂದ ಮೇಲೆ ಮನೆಮನೆಗೂ ಪರಿಚಿತವಾಯಿತು. ಉದ್ಯೋಗನಿಮಿತ್ತ ಊರು ಬಿಟ್ಟವರು ಹಬ್ಬಕ್ಕೆ ಕೊಂಡೊಯ್ಯುವ ಸೀರೆ, ಶಾಲುಗಳ ಸಾಲಿಗೆ ಈಗ ಇದೂ ಸೇರಿಕೊಂಡಿದೆ.

ಆದರೆ ಮರುವರ್ಷ ಹೋಗಿ ನೋಡಿದಾಗ, ತಂದ ಪೆಟ್ಟಿಗೆ ಕಪಾಟಿನ ಸೀರೆಗಳ ನಡುವೆ ಜೋಪಾನವಾಗಿ ಮಲಗಿರುವುದೂ ಉಂಟು. "ನನಗ ತಿಳಿಯೂದಿಲ್ಲ ಬಿಡಪಾ" ಎಂದು ತಾಯಿ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಮಗನೂ ಹಾಗೆಯೇ ನಂಬುತ್ತಾನೆ. ವಾಸ್ತವದಲ್ಲಿ ತಪ್ಪು ಬಹುಮಟ್ಟಿಗೆ ಆಯ್ಕೆಯದು. ಅಂಗಡಿಯವನ ಪಟ್ಟಿಯನ್ನು ನೋಡುವುದಕ್ಕೆ ಮೊದಲು ನೋಡಬೇಕಾಗಿದ್ದುದು ತಾಯಿಯ ಕಣ್ಣು, ಕತ್ತು, ಬೆರಳು ಮತ್ತು ಕಿವಿಗಳನ್ನು.

ನಲವತ್ತರ ಸುಮಾರಿಗೆ ಕಣ್ಣಿನ ಮಸೂರವು ತನ್ನ ಮೃದುತ್ವವನ್ನು ಕಳೆದುಕೊಂಡು ಚಾಳೀಸು ಬರುತ್ತದೆ. ಮುಂದೆ ಅದೇ ಮಸೂರ ಹಳದಿಗಟ್ಟುತ್ತದೆ. ಕೆಲವರಲ್ಲಿ ಪೊರೆ ಬೆಳೆಯುತ್ತದೆ. ಆಗ ಬಿಳಿಯ ಮೇಲಿನ ತೆಳುಬೂದು ಅಕ್ಷರ ಕಾಣಿಸದು, ಅತಿಯಾದ ಹೊಳಪು ಕಣ್ಣಿಗೆ ಚುಚ್ಚುವುದು. ಕನ್ನಡ ಓದುವವರಿಗೆ ಇನ್ನೊಂದು ತೊಡಕೂ ಇದೆ. ಇಂಗ್ಲಿಷಿಗೆ ಸಾಕಾಗುವ ಅಕ್ಷರಗಾತ್ರ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಕಿರಿದಾಗಿ ಕೂಡುತ್ತವೆ. ದ–ಧ, ಪ–ಫ, ಬ–ಭಗಳ ಭೇದವೆಲ್ಲ ಒಂದು ಪುಟ್ಟ ಗೀಟಿನಲ್ಲಿದೆ. ಆದಕಾರಣ ಅಂಗಡಿಯಲ್ಲಿ ಹೊಳೆಯುವ ಚಲನಚಿತ್ರದ ತುಣುಕನ್ನು ನೋಡಿ ಮರುಳಾಗದೆ, ಒಂದು ಕನ್ನಡ ದಿನಪತ್ರಿಕೆಯ ಪುಟವನ್ನು ತೆರೆಯಿಸಿ, ಅಕ್ಷರವನ್ನು ದೊಡ್ಡದು ಮಾಡಿಸಿ ಪರೀಕ್ಷಿಸುವುದು ಯುಕ್ತ. ಪರದೆಯ ಅಳತೆ ಕರ್ಣರೇಖೆಯಲ್ಲಿ 10ರಿಂದ 11 ಅಂಗುಲವಿದ್ದರೆ ಹಿರಿಯರಿಗೆ ಅನುಕೂಲ. 8 ಅಂಗುಲದ್ದು ಕೈಗೆ ಹಗುರ, ಕಣ್ಣಿಗೆ ಕಷ್ಟ.

ಆದರೆ ದೊಡ್ಡದರ ತೂಕ ಸುಮಾರು 500 ಗ್ರಾಂ. ಸಂಧಿವಾತದ ಮಣಿಕಟ್ಟಿಗೆ ಅರ್ಧ ಗಂಟೆಯಲ್ಲಿ ಅದು ಭಾರವಾಗುತ್ತದೆ. ಒಂದು ಗಟ್ಟಿಯಾದ ಆಧಾರಪೀಠವನ್ನು ಜೊತೆಗೇ ಕೊಳ್ಳಬೇಕು. ಇಲ್ಲಿ ಎಷ್ಟೋ ಜನರ ಗಮನಕ್ಕೆ ಬಾರದ ಸೂಕ್ಷ್ಮವೊಂದಿದೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 35–40 ಸೆಂಟಿಮೀಟರ್ ದೂರಕ್ಕೆ ಹೊಂದಿಸಿರುತ್ತಾರೆ. ಮೇಜಿನ ಮೇಲಿಟ್ಟ ಪರದೆ 50–60 ಸೆಂಟಿಮೀಟರ್ ದೂರದಲ್ಲಿರುತ್ತದೆ. ಎರಡು ಭಾಗದ ಕನ್ನಡಕ ಧರಿಸಿದವರು ಅದರ ಕೆಳಭಾಗದಿಂದ ನೋಡುವ ಸಲುವಾಗಿ ಗಲ್ಲವನ್ನು ಮೇಲೆತ್ತಿ ಕುಳಿತು, ವಾರದೊಳಗೆ ಕತ್ತುನೋವನ್ನು ತಂದುಕೊಳ್ಳುತ್ತಾರೆ. ಪರದೆಯನ್ನು ತಗ್ಗಿನಲ್ಲಿ, ತುಸು ಹಿಂದಕ್ಕೆ ಒರಗಿಸಿಟ್ಟರೆ ಈ ಬಾಧೆ ಕಡಿಮೆ. ದಿನವೂ ಬಹಳ ಹೊತ್ತು ನೋಡುವವರಿಗೆ ಆ ಮಧ್ಯದ ದೂರಕ್ಕೆಂದೇ ಬೇರೊಂದು ಕನ್ನಡಕ ಮಾಡಿಸಿಕೊಡುವುದು ಟ್ಯಾಬ್ಲೆಟಿನಷ್ಟೇ ಒಳ್ಳೆಯ ಉಡುಗೊರೆಯಾದೀತು.

ಬೆರಳಿನ ಸಂಗತಿ ಇನ್ನೂ ವಿಚಿತ್ರ. ಈ ಪರದೆ ಬೆರಳಿನ ಒತ್ತಡವನ್ನು ಅರಿಯುವುದಿಲ್ಲ. ಚರ್ಮದ ಅತ್ಯಲ್ಪ ವಿದ್ಯುದ್ವಾಹಕತೆಯನ್ನು ಅರಿಯುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ. ಜೀವಮಾನವಿಡೀ ರೊಟ್ಟಿ ತಟ್ಟಿದ ಬೆರಳತುದಿ ದಡ್ಡುಗಟ್ಟಿರುತ್ತದೆ. ಅಂಥ ಬೆರಳು ತಾಕಿದ್ದು ಒಮ್ಮೊಮ್ಮೆ ಯಂತ್ರಕ್ಕೆ ತಿಳಿಯುವುದೇ ಇಲ್ಲ. ತಾಯಿ ಮತ್ತಷ್ಟು ಒತ್ತುತ್ತಾರೆ, ಏನೂ ಆಗದು. ಕೈತೊಳೆದು ಅರೆಬರೆ ಒರೆಸಿಕೊಂಡು ಮುಟ್ಟಿದರೆ ಪರದೆ ಓಗೊಡುತ್ತದೆ. ಮೃದುವಾದ ತುದಿಯ ಲೇಖನಿಯೂ ದೊರೆಯುತ್ತದೆ. ಕೈ ನಡುಗುವವರಿಗಾಗಿ ಮುಟ್ಟಿ ಹಿಡಿಯುವ ಅವಧಿಯನ್ನು ಹೆಚ್ಚಿಸುವ ಸೌಲಭ್ಯ ಇವುಗಳೊಳಗೇ ಇರುತ್ತದೆ. ಹುಡುಕಿ ಹೊಂದಿಸುವುದು ಮಗನ ಕೆಲಸ.

ಬೆಲೆ ಕಡಿಮೆಯೆಂದು ಸ್ಮರಣಶಕ್ತಿ ತೀರ ಅಲ್ಪವಾಗಿರುವುದನ್ನು ಕೊಳ್ಳಬಾರದು. ಅದು ತಡವಾಗಿ ಪ್ರತಿಕ್ರಿಯಿಸುತ್ತದೆ; ಹಿರಿಯರು ತಾವೇ ತಪ್ಪಿದೆವೆಂದು ಮೂರು ಸಲ ಒತ್ತಿ ಎಲ್ಲಿಗೋ ಹೋಗಿಬಿಡುತ್ತಾರೆ. ಮಗ ಬಳಸಿ ಬಿಟ್ಟ ಹಳೆಯದನ್ನು ಕೊಡುವ ರೂಢಿಯೂ ಇದೆ. ಬ್ಯಾಟರಿ ಸೊರಗಿ, ಸುರಕ್ಷತೆಯ ಪರಿಷ್ಕರಣೆಗಳು ನಿಂತುಹೋದ ಯಂತ್ರವನ್ನು ಉಡುಗೊರೆ ಎನ್ನುವುದಕ್ಕಿಂತ ಸಾಗಹಾಕುವಿಕೆ ಎನ್ನುವುದು ಸರಿ.

ವಯಸ್ಸಿನ ಕಿವುಡು ಮೊದಲು ತಾರಸ್ವರಗಳನ್ನು ಕಸಿಯುತ್ತದೆ. ಸ, ಶ, ಚ, ತಗಳಂಥ ವ್ಯಂಜನಗಳು ಮಸುಕಾಗಿ, ಸ್ವರಗಳಷ್ಟೇ ಉಳಿದು, "ಕೇಳಿಸತದ, ತಿಳಿಯೂದಿಲ್ಲ" ಎಂಬ ಸ್ಥಿತಿ ಬರುತ್ತದೆ. ಆಗ ಕೂಗಿ ಮಾತನಾಡಿ ಪ್ರಯೋಜನವಿಲ್ಲ; ನಿಧಾನವಾಗಿ, ತುಟಿ ಕಾಣುವಂತೆ ಮಾತನಾಡಬೇಕು. ಮೊಬೈಲಿನ ಕಿರುಪರದೆಗಿಂತ ಟ್ಯಾಬ್ಲೆಟ್ ಮೇಲಾಗುವುದು ಇಲ್ಲಿಯೇ. ಶ್ರವಣಸಾಧನ ಧರಿಸುವವರಾದರೆ ಅದು ಬ್ಲೂಟೂತ್ ಮೂಲಕ ಯಂತ್ರಕ್ಕೆ ಹೊಂದುವುದೋ ಎಂದು ಮೊದಲೇ ವಿಚಾರಿಸುವುದು ಒಳಿತು.

ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ ಒಂದು ಎಚ್ಚರಿಕೆ ಅವಶ್ಯ. ಪ್ರಬಲ ಅಯಸ್ಕಾಂತಗಳಿರುವ ಮೊಬೈಲು, ಕೈಗಡಿಯಾರಗಳನ್ನು ಇಂಥ ಸಾಧನಗಳಿಂದ ಆರು ಅಂಗುಲ, ಎಂದರೆ 15 ಸೆಂಟಿಮೀಟರ್ ದೂರವಿಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರಲ್ಲಿ ಸಲಹೆ ನೀಡಿತು. ಟ್ಯಾಬ್ಲೆಟಿನ ಹೊದಿಕೆಗಳಲ್ಲಿಯೂ ಅಯಸ್ಕಾಂತಗಳಿರುವುದುಂಟು. ಮಧ್ಯಾಹ್ನ ಊಟವಾದ ಮೇಲೆ ಮಲಗಿ, ಅದನ್ನು ಎದೆಯ ಮೇಲೆ ಒರಗಿಸಿಕೊಂಡು ನೋಡುವ ಅಭ್ಯಾಸ ಅಂಥವರಿಗೆ ಸಲ್ಲದು.

ಮುಂಬಯಿ, ಪುಣೆಗಳ ಮನೆಯಲ್ಲಿ ವೈ-ಫೈ ಇದೆಯೆಂದು ಊರಿನಲ್ಲಿಯೂ ಇರುವುದೆಂದು ತಿಳಿಯಬಾರದು. ಅಲ್ಲಿ ಇಲ್ಲದಿದ್ದರೆ ಸಿಮ್ ಹಾಕಬಹುದಾದ ಮಾದರಿಯೇ ಬೇಕು. ಯಾವ ಕಂಪನಿಯ ಸಂಕೇತ ಮನೆಯೊಳಗೆ ಸಿಗುತ್ತದೆಂಬುದನ್ನು ನೆರೆಯವರನ್ನು ಕೇಳಿ ತಿಳಿಯಬೇಕು.

ವಿಡಿಯೋ ಕರೆಯಲ್ಲಿ ಮಗ ಬರುವಂತೆ ಮೋಸಗಾರನೂ ಬರಬಲ್ಲ. ಪೊಲೀಸರ ವೇಷ ತೊಟ್ಟು 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ವೃದ್ಧರ ಹಣ ದೋಚಿದ ಪ್ರಕರಣಗಳು ವರದಿಯಾಗಿವೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂಬುದನ್ನು ತಂದೆತಾಯಿಗಳಿಗೆ ಮೊದಲ ದಿನವೇ ಹೇಳಬೇಕು. ಹಣ ಹೋದ ಕೂಡಲೇ ದೂರು ಕೊಡಬೇಕಾದ ಸಂಖ್ಯೆ 1930. ಬ್ಯಾಂಕಿನ ವ್ಯವಹಾರವನ್ನು ಈ ಯಂತ್ರಕ್ಕೆ ತರದಿರುವುದೇ ಕ್ಷೇಮ.

ಕಲಿಸುವ ಕೆಲಸ ಒಂದೇ ಸಂಜೆಗೆ ಮುಗಿಯುವಂಥದಲ್ಲ. ರಜೆಯ ಕೊನೆಯ ದಿನ, ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಪೆಟ್ಟಿಗೆ ಬಿಚ್ಚುವವರೇ ಹೆಚ್ಚು. ಬಂದ ದಿನವೇ ಬಿಚ್ಚಿ, ಪರದೆಯ ಮೇಲೆ ಮೂರು ಚಿತ್ರಗಳನ್ನಷ್ಟೇ ಉಳಿಸಬೇಕು: ಮಕ್ಕಳಿಗೆ ಕರೆ, ಪತ್ರಿಕೆ, ಹಾಡು. ಬೆರಳಚ್ಚು ಬಾರದವರು ಕನ್ನಡದಲ್ಲಿ ಮಾತನಾಡಿಯೇ ಬರೆಯಬಹುದು. ಗೂಗಲ್ಲಿನ ಈ ಸೌಲಭ್ಯ ಕನ್ನಡಕ್ಕೆ 2017ರಲ್ಲಿ ಬಂದಿತು. ಕರೆ ಮಾಡುವ ಕ್ರಮವನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಬೇಕು. ಆಮೇಲೆ ಮಗ ಎದ್ದು ಪಡಸಾಲೆಗೆ ಹೋಗಿ ಕುಳಿತುಕೊಳ್ಳಲಿ. ಎಷ್ಟೇ ಹೊತ್ತಾದರೂ ಒಳಗೆ ಹೋಗಿ ಕೈಹಾಕದೆ, ಅಡುಗೆಮನೆಯಿಂದ ತಾಯಿಯ ಮೊದಲ ಕರೆ ಬರುವವರೆಗೆ ಕಾಯಲಿ.